ಸಿಡುಬಿನ ಮನೆಯ ಗದ್ದೆಮ್ಮ

ಗದ್ದೆಮ್ಮ ಬೀದಿಯ ನಟ್ಟನಡುವೆ ನಡೆದು ಬಂದಳೆಂದರೆ ಬಳಗಾನೂರಿನಲ್ಲಿ ಯಾರದೋ ಮನೆಗೆ ಸಿಡುಬು ಬಂದಿದೆ ಎಂದೇ ಅರ್ಥ. ಉಳಿದ ದಿನಗಳಲ್ಲಿ ಆಕೆ ನಡೆಯುತ್ತಿದ್ದುದು ಗೋಡೆಯ ಬದಿಗೆ, ಎದುರು ಬಂದವರ ನೆರಳು ತುಳಿಯದಂತೆ ಮೈಯನ್ನು ಓರೆ ಮಾಡಿಕೊಂಡು, ಕೇರಿಯ ಹೆಂಗಸರೆಲ್ಲ ನಡೆಯುತ್ತಿದ್ದ ಹಾಗೆ. ಆದರೆ ಕರೆ ಬಂದ ದಿನ ಅದೇ ಹೆಂಗಸು ಎದೆಯೆತ್ತಿ, ತೋಳು ಬೀಸಿ, ಬಂಡಿ ಹೋಗುವ ಹಾದಿಯನ್ನೇ ಹಿಡಿದು ಊರಬಾಗಿಲ ಅಗಸಿಯೊಳಗೆ ಕಾಲಿಡುವಳು; ಆಗ ಓರೆಯಾಗುವ ಸರದಿ ಊರಿನದು. ಕಟ್ಟೆಯ ಮೇಲೆ ಕೂತಿದ್ದವರು ಕಾಲು ಮೇಲೆಳೆದುಕೊಳ್ಳುವರು, ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಸೇರಿಸಿಕೊಳ್ಳುವರು, ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುವವು. ಯಾವ ಬಾಗಿಲು ತೆರೆದೇ ಇದೆಯೋ ಅದು ರೋಗದ ಮನೆ.

ಒಂಬತ್ತನೆಯ ವಯಸ್ಸಿನಲ್ಲಿ ಬಂದ ಸಿಡುಬು ಆಕೆಯ ಎಡಗಣ್ಣನ್ನು ಒಯ್ದು, ಮುಖವನ್ನು ಮಳೆ ಹೊಯ್ದ ಬೂದಿಯಂತೆ ತೂತು ತೂತಾಗಿಸಿ ಬಿಟ್ಟುಹೋಗಿತ್ತು. ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ ಎಂಬ ಸತ್ಯ ಯಾವ ವೈದ್ಯಶಾಸ್ತ್ರವನ್ನೂ ಓದದ ಆ ಊರಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ನೋಡಿದರೆ ಊರಲ್ಲಿ ಸಿಡುಬಿನ ಕಲೆಯವರು ಇನ್ನೂ ಹತ್ತಿಪ್ಪತ್ತು ಮಂದಿ ಇದ್ದರು, ಗೌಡರ ಮನೆಯಲ್ಲೇ ಒಬ್ಬ ಮುದುಕನಿದ್ದ. ಅವರ ಮೈಯೂ ಗದ್ದೆಮ್ಮನ ಮೈಯಷ್ಟೇ ಗಟ್ಟಿ. ಆದರೆ ಕೀವು ಒರೆಸುವ ಕೈ, ಒಡೆದ ಗುಳ್ಳೆಗೆ ಬೇವಿನ ಸೊಪ್ಪು ಬೀಸುವ ಕೈ, ಹೇಲು ಬಳಿಯುವ ಕೈ ಕೇರಿಯದೇ ಆಗಬೇಕಿತ್ತು. ಹೀಗಾಗಿ, ದನದ ಕೊಟ್ಟಿಗೆಯಿಂದ ಮುಂದಕ್ಕೆ ಕಾಲಿಡಬಾರದ ಹೆಂಗಸು ರೋಗ ಬಂದ ಇಪ್ಪತ್ತು ದಿನ ಪಡಸಾಲೆ ದಾಟಿ, ದೇವರ ಮನೆ ದಾಟಿ, ನಡುಮನೆಯ ಕತ್ತಲಕೋಣೆಯಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ರೋಗಿಯ ತಲೆಗೆ ನೀರು ಬಿದ್ದ ಮರುದಿನ ಹಿತ್ತಲ ಬಾಗಿಲಿಂದ ಹೊರಗೆ. ಆಕೆ ಕೂತ ಜಾಗಕ್ಕೆ ಸೆಗಣಿ.

“ಗೌಡ್ರ ಮನಿಯಾಗ ಕಂಬ ಎಷ್ಟದಾವ ಅಂತ ಅವ್ರ ಬೀಗರಿಗಿಂತ ನನಗ ಚಲೋ ಗೊತ್ತು” ಎಂದು ಕೇರಿಯ ಬಾವಿಕಟ್ಟೆಯಲ್ಲಿ ನಗುತ್ತಿದ್ದಳು. “ಹನ್ನೆರಡು. ಒಂದು ಗೆದ್ದಲ ಹಿಡಿದೈತಿ. ಹೇಳಬೇಕಂತ ಮಾಡೀನಿ, ಆದ್ರ ಮನಿಯಾಗ ಯಾರಿಗಾದ್ರೂ ಬ್ಯಾನಿ ಬರೋತನ ಹೇಳಂಗಿಲ್ಲ.”

ಸಿಡುಬನ್ನು ಆಕೆ ದೇವಿ ಎನ್ನುತ್ತಿರಲಿಲ್ಲ, ಅವ್ವ ಎನ್ನುತ್ತಿರಲಿಲ್ಲ. “ಆಕಿ” ಎನ್ನುತ್ತಿದ್ದಳು, ಜಗಳ ಬಿಟ್ಟು ಬಹಳ ದಿನವಾದ ನೆರೆಮನೆಯವಳನ್ನು ಕುರಿತು ಹೇಳುವಂತೆ. “ಆಕಿ ಈ ಸಲ ಕಾಲಾಗಿಂದ ಎದ್ದಾಳ, ಉಳಿಯೋದು ಕಠಿಣ.” “ಆಕಿ ಗಂಟಲಕ್ಕ ಇಳದಾಳ, ಮಜ್ಜಿಗಿ ಹನಿ ಹನಿ ಹಾಕ್ರಿ.” ಆಕೆಯ ಒಂಟಿಗಣ್ಣಿನ ಅಂದಾಜು ತಪ್ಪಿದ್ದು ಕಡಿಮೆ.

ತೊಡಲು ಆಕೆಗೊಂದು ಕರಿ ಶೇರವಾನಿ ಇತ್ತು. ಲಿಂಗಸುಗೂರಿನಿಂದ ಬಂದು ಊರಲ್ಲೇ ಸಿಡುಬಾಗಿ ಸತ್ತ ನಿಜಾಮರ ಕಾಲದ ಕಂದಾಯದ ಗಿರ್ದಾವರನೊಬ್ಬನ ಅಂಗಿ ಅದು; ಮುಟ್ಟುವವರಿಲ್ಲದೆ ಆಕೆಗೆ ಬಂದಿತ್ತು. ಮೊಣಕಾಲು ಮುಟ್ಟುವ ಅದನ್ನು ಸೀರೆಯ ಮೇಲೆ ತೊಟ್ಟು, ಕೊರಳತನಕ ಗುಂಡಿ ಹಾಕಿ ಹೊರಟರೆ ಕೇರಿಯ ಹುಡುಗರು “ಗಿರ್ದಾವರ ಬಂದ್ರು, ಸಲಾಂ ಮಾಡ್ರಿ” ಎಂದು ಸಾಲು ನಿಲ್ಲುತ್ತಿದ್ದರು. ನಲವತ್ತೆಂಟರಲ್ಲಿ ಪೋಲೀಸ್ ಕಾರ್ಯಾಚರಣೆಯಾದಾಗ ಸಿಂಧನೂರಿನ ಹಾದಿಯಲ್ಲಿ ಪಲ್ಟನ್ನಿನ ಜೀಪೊಂದು ಈ ಶೇರವಾನಿಯ ಬೆನ್ನನ್ನು ಕಂಡು, ಯಾರೋ ರಜಾಕಾರ ತಪ್ಪಿಸಿಕೊಂಡು ಹೋಗುತ್ತಿದ್ದಾನೆಂದು ಅಡ್ಡಗಟ್ಟಿತಂತೆ. ಬಂದೂಕು ಹಿಡಿದವನು ಗದರಿದ ಕೂಡಲೇ ಗದ್ದೆಮ್ಮ ತಿರುಗಿ, ಸೆರಗು ಸರಿಸಿ, ತನ್ನ ಮುಖವನ್ನು ಬಿಸಿಲಿಗೆ ಹಿಡಿದಳು. ಆ ಜವಾನ ಎರಡು ಹೆಜ್ಜೆ ಹಿಂದೆ ಸರಿದನಂತೆ. “ನಿಜಾಮನ ಕೈಲಿ ಆಗದ ಕೆಲಸ ನನ್ನ ಮಾರಿ ಮಾಡ್ತು ನೋಡ್ರಿ. ಪಲ್ಟನ್ ಹಿಂದಕ್ಕ ಹೋತು” ಎಂದು ಹೇಳಿ, ಇದ್ದ ಏಳೆಂಟು ಹಲ್ಲನ್ನೂ ತೋರಿಸುತ್ತಿದ್ದಳು.

ಶೇರವಾನಿಯಷ್ಟೇ ಅಲ್ಲ, ಆಕೆಯ ಗುಡಿಸಲಿನಲ್ಲಿ ಇದ್ದುದೆಲ್ಲ ರೋಗದ ಮನೆಗಳಿಂದಲೇ ಬಂದದ್ದು. ಅದು ಆ ಸೀಮೆಯ ಪದ್ಧತಿ. ಸಿಡುಬಿನ ರೋಗಿ ಎದ್ದರೂ ಸರಿ, ಹೋದರೂ ಸರಿ, ಮಲಗಿದ್ದ ಕೌದಿ, ಹೊದ್ದ ಕಂಬಳಿ, ಉಂಡ ತಟ್ಟೆ ಚಾಕರಿ ಮಾಡಿದವಳಿಗೆ. ಅದೇ ಕೂಲಿ. ಐದು ಪದರದ ಕೌದಿಗಳು, ರೇಷ್ಮೆಯ ಅಂಚಿನ ಕೌದಿಗಳು, ಯಾವ ಕೇರಿಯ ಹೆಣ್ಣೂ ಹೊಲಿಯಲಾರದ ಕೌದಿಗಳು ಆಕೆಯ ಗುಡಿಸಲಲ್ಲಿ ಮೊಳಕಾಲೆತ್ತರ ಪೇರಿಸಿಕೊಂಡಿದ್ದವು. ಚಳಿಗಾಲದಲ್ಲಿ ನೆರೆಯವರು ಅಸೂಯೆಪಡುತ್ತಿದ್ದರು. ಆದರೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ; ಗದ್ದೆಮ್ಮನ ಮನೆತನವನ್ನು ಸಿಡುಬು ಮುಟ್ಟುವುದಿಲ್ಲ, ಉಳಿದವರ ಮಾತು ಬೇರೆ ಎಂದು ಅವರ ನಂಬಿಕೆ.

ಈ ನಂಬಿಕೆಗೆ ಆಧಾರವಿತ್ತು. ಆಕೆಯ ಒಬ್ಬಳೇ ಮಗಳು ಅಮರಮ್ಮ. ಗಂಡ ಸತ್ತ ಹೊಸದರಲ್ಲಿ ಗದ್ದೆಮ್ಮ ದೂರದ ಹೊಲಗಳಿಗೆ ಕೂಲಿಗೆ ಹೋಗಬೇಕಾಗಿ, ಮೂರು ವರ್ಷದ ಈ ಕೂಸನ್ನು ಗುರುಗುಂಟಾದಲ್ಲಿದ್ದ ತನ್ನ ಸೋದರತ್ತೆಯ ಬಳಿ ಬಿಟ್ಟಿದ್ದಳು. ಎರಡು ವರ್ಷದ ಮೇಲೆ ಕರೆತಂದಾಗ ಹುಡುಗಿಯ ಮುಂಗೈ ಮೇಲೆ ಎರಡು ಗುಂಡನೆಯ ಕಲೆಗಳಿದ್ದವು, ಒಳಗೆ ಸಣ್ಣ ಸಣ್ಣ ತಗ್ಗುಗಳು. ಕೇಳಿದರೆ ಸೋದರತ್ತೆ, “ನಿನ್ನ ಮೈಮ್ಯಾಲಿನವೇ ನಿನ್ನ ಮಗಳಿಗೆ ಬಂದಾವ. ನನ್ನೇನು ಕೇಳ್ತಿ?” ಎಂದಿದ್ದಳು. ಊರೂ ನೋಡಿತು, ಹೌದೆಂದಿತು. ತಾಯಿಯ ಮೂಗು ಮಗಳಿಗೆ ಬರುವಂತೆ ತಾಯಿಯ ಸಿಡುಬಿನ ಕಲೆಯೂ ಬಂದಿದೆ, ಕಲೆಯ ಜೊತೆಗೆ ಕಾವಲೂ ಬಂದಿದೆ. ಮದುವೆಯಾಗಿ ಪಾಮನಕಲ್ಲೂರಿಗೆ ಹೋಗುವ ತನಕ ಆ ಹುಡುಗಿ ಅದೇ ಕೌದಿಗಳ ನಡುವೆ ಮಲಗಿ ಬೆಳೆದಳು, ಒಂದು ಗುಳ್ಳೆ ಏಳಲಿಲ್ಲ.

ಐವತ್ತೆರಡರ ಪುಷ್ಯಮಾಸದಲ್ಲಿ ಅಮರಮ್ಮ ಎರಡನೆಯ ಹೆರಿಗೆಗೆಂದು ತವರಿಗೆ ಬಂದಳು, ನಾಲ್ಕು ವರ್ಷದ ಮಗಳು ಗ್ಯಾನಮ್ಮನನ್ನು ಸೊಂಟದಲ್ಲಿ ಕೂರಿಸಿಕೊಂಡು. ಅದೇ ವಾರ ಸಿಡುಬಿನ ಟೀಕಾ, ಎಂದರೆ ಲಸಿಕೆ, ಹಾಕುವ ಗೌಸ್‌ಸಾಬನೂ ಬಂದ. ಒದ್ದೆ ಬಟ್ಟೆ ಸುತ್ತಿದ ತಗಡಿನ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಬಳಗಾನೂರು ಎಂದು ಬಿಸಿಲೇರುವ ಮೊದಲೇ ಊರು ಮುಟ್ಟುತ್ತಿದ್ದ ಈ ಸಣಕಲ ಮನುಷ್ಯನನ್ನು ಕಂಡರೆ ಸಿಡುಬನ್ನು ಕಂಡದ್ದಕ್ಕಿಂತ ವೇಗವಾಗಿ ಬಾಗಿಲು ಮುಚ್ಚುತ್ತಿದ್ದವು. ಗೌಡರಾದ ಅಮರಗುಂಡಪ್ಪನವರು, ದೇವಿಗೆ ಸಿಟ್ಟು ಬರುವ ಕೆಲಸ ನಮ್ಮಲ್ಲಿ ಬೇಡ ಎಂದು ಕೈಮುಗಿದು ಕಳಿಸಿದ್ದರು. ಗೌಡರು ಬೇಡವೆಂದದ್ದು ಕೇರಿಗೂ ಬೇಡ. ಕೊನೆಗೆ ಆತ ಗದ್ದೆಮ್ಮನ ಗುಡಿಸಲ ಮುಂದೆ ಸೈಕಲ್ ಒರಗಿಸಿ ಕೂತ. ಆಕೆಯೊಬ್ಬಳು ಒಪ್ಪಿದರೆ ಕೇರಿ ಒಪ್ಪುತ್ತದೆಂದು ಅವನ ಲೆಕ್ಕಾಚಾರ.

“ನೋಡು ಗದ್ದೆಮ್ಮಕ್ಕ, ಊರು ಕಾಯಾಕ ತಳವಾರ ಇದ್ದಂಗ ಮೈಯಾಗೂ ತಳವಾರ್ರು ಅದಾರ, ರಕ್ತದಾಗ. ಕಳ್ಳ ಮೊದಲ ಸಲ ಬಂದಾಗ ಅವ್ರಿಗೆ ಅವನ ಮಾರಿ ಗುರ್ತ ಇರಂಗಿಲ್ಲ, ಮನಿ ಲೂಟಿ ಆಗ್ತೈತಿ. ಬಡಿದಾಡಿ ಗೆದ್ರು ಅಂದ್ರ ಆ ಮಾರಿ ಮತ್ತ ಮರೆಯಂಗಿಲ್ಲ. ಮುಂದಿನ ಸಲ ಅಗಸ್ಯಾಗ ಹಿಡಿದು ಕೆಡವ್ತಾರ. ನಿನಗ ಆಗಿದ್ದು ಅದೇ.”

“ನಮ್ಮೂರ ತಳವಾರಗ ಕಳ್ಳನ ಮಾರಿ ಚಲೋ ಗುರ್ತ ಐತಿ ಬಿಡ್ರಿ ಸಾಬ್ರ” ಎಂದಳು ಗದ್ದೆಮ್ಮ. “ದಿನಾ ಸಂಜಿಗೆ ಇಬ್ರೂ ಕೂಡೇ ಕುಡೀತಾರ.”

ಗೌಸ್‌ಸಾಬ್ ನಗಲಿಲ್ಲ, ಆತನಿಗೆ ನಗುವ ಅಭ್ಯಾಸ ಇರಲಿಲ್ಲ. “ಈ ಡಬ್ಬ್ಯಾಗ ಇರಾವ ಕಳ್ಳನ ತಮ್ಮ. ದನದ ಮೈಯಾಗ ಬೆಳೆದಾವ, ಕೈಲಾಗದಾವ, ಮನಿ ಲೂಟಿ ಮಾಡಂಗಿಲ್ಲ. ಮಾರಿ ಮಾತ್ರ ಅಣ್ಣಂದೇ. ಇವನ್ನ ಒಂದು ಸಲ ತೋರ್ಸಿದ್ರ ತಳವಾರ್ರು ಅಣ್ಣನ್ನೂ ಗುರ್ತ ಹಿಡೀತಾರ. ಆ ಕೂಸಿನ ಕೈ ಕೊಡು.”

“ಆಕಿ ಮೈಯಾಗ ನನ್ನ ರಕ್ತ ಐತಿ. ನನ್ನ ತಳವಾರ್ರೇ ಆಕೀನೂ ಕಾಯ್ತಾರ.”

“ಹಂಗ ಬರಂಗಿಲ್ಲವಾ. ಅವರವರ ಮನಿ ತಳವಾರ ಅವರವರಿಗೆ.”

“ನನ್ನ ಮಗಳು ಹದಿನೈದು ವರ್ಷ ಈ ಕೌದ್ಯಾಗ ಮಲಗ್ಯಾಳ. ಒಂದು ಗುಳ್ಳಿ ಎದ್ದಿಲ್ಲ. ಅದು ಹೆಂಗ? ಹೇಳ್ರಿ ನೋಡೋಣು!”

ಗೌಸ್‌ಸಾಬ್ ಡಬ್ಬಿಯ ಮುಚ್ಚಳ ಹಾಕಿದ. ತುಂಬಿದ ಬಸುರಿ ಅಮರಮ್ಮ ಪರಗಂಡಸಿನ ಮುಂದೆ ಹೊರಗೆ ಬಾರದೆ ಒಳಗೇ ಕೂತಿದ್ದಳು. ಆಕೆಯ ಮುಂಗೈಯನ್ನು ಆತ ನೋಡಲಿಲ್ಲ. ಡಬ್ಬಿಯ ಬಟ್ಟೆಗೆ ನೀರು ಚಿಮುಕಿಸಿಕೊಂಡು ಸೈಕಲ್ ಹತ್ತಿದ. ಗದ್ದೆಮ್ಮನನ್ನು ಮೂಢಳೆಂದು ತಳ್ಳಿಹಾಕುವವರು ಇಲ್ಲಿ ಒಂದು ಗಳಿಗೆ ತಡೆಯಬೇಕು. ಆಕೆ ಕಣ್ಣಾರೆ ಕಂಡದ್ದರ ಮೇಲೆ ವಾದ ಹೂಡಿದ್ದಳು, ದೇವಿಯ ಹೆಸರನ್ನೇ ಎತ್ತಿರಲಿಲ್ಲ. ಕಂಡದ್ದರಲ್ಲಿ ಒಂದೇ ಒಂದು ಸಂಗತಿ ಸುಳ್ಳಾಗಿತ್ತು, ಅಷ್ಟೆ.

ಎರಡು ದಿನ ಕಳೆಯುವುದರೊಳಗೆ ಗೌಡರ ಮಗ ಮರಿಸ್ವಾಮಿಗೆ ಸಿಡುಬು ಎದ್ದಿತು. ಗೌಡರ ಹೆಂಡತಿ ಶೇಖರಮ್ಮ ಆಳಿನ ಕೈಲಿ ಹೇಳಿಕಳಿಸಿದಳು. ಗದ್ದೆಮ್ಮ ಇಪ್ಪತ್ತೆರಡು ದಿನ ಆ ಹುಡುಗನ ಮಗ್ಗುಲಲ್ಲಿ ಕೂತು, ಬೇವು ಬೀಸಿ, ಕಣ್ಣಿನ ರೆಪ್ಪೆ ಅಂಟದಂತೆ ಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಗ್ಗರಣೆಯಿಲ್ಲದ ಗಂಜಿ ಕುಡಿಸಿ, ಕೆರೆದುಕೊಳ್ಳದಂತೆ ಎರಡೂ ಕೈ ಹಿಡಿದು ಅವನನ್ನು ಉಳಿಸಿದಳು. ತಲೆಗೆ ನೀರು ಬಿದ್ದ ದಿನ ಶೇಖರಮ್ಮ ಹುಡುಗನ ಕೆಳಗಿದ್ದ ಕೌದಿಯನ್ನು ಮಡಚಿ ಹಿತ್ತಲ ಬಾಗಿಲಿನ ಹೊರಗಿಟ್ಟಳು. ಅಂಚಿಗೆ ಹಸಿರು ರೇಷ್ಮೆ, ನಡುವೆ ಇಳಕಲ್ಲಿನ ಸೀರೆಯ ಕೆಂಪು. ಅಂಥದ್ದು ಗದ್ದೆಮ್ಮನಿಗೆ ಹಿಂದೆ ಸಿಕ್ಕಿರಲಿಲ್ಲ.

ದಪ್ಪ ಕೌದಿ ತೊಳೆಯಲು ಕೇರಿಯ ಬಾವಿಯಲ್ಲಿ ನೀರೆಲ್ಲಿ? ಅಂಗಳದ ಹಗ್ಗಕ್ಕೆ ಹಾಕಿ ಕೋಲಿನಿಂದ ಬಡಿದಳು. ಗುಳ್ಳೆಗಳ ಒಣಗಿದ ಹಕ್ಕಳೆಗಳು ಜೋಳದ ಹೊಟ್ಟಿನಂತೆ ಉದುರಿದವು. ಗ್ಯಾನಮ್ಮ ಹಗ್ಗದ ಕೆಳಗೆ ನಿಂತು, ಬೊಗಸೆಯೊಡ್ಡಿ ಅವನ್ನು ಹಿಡಿಯುತ್ತ, “ಎಮ್ಮಾ, ಇನ್ನಾ ಬಡಿ, ಇನ್ನಾ ಬಡಿ” ಎಂದು ಕುಣಿಯುತ್ತಿದ್ದಳು. ಆ ರಾತ್ರಿ ಕೌದಿ ಮೊಮ್ಮಗಳದಾಯಿತು.

ಐದು ದಿನಕ್ಕೆ ಅಮರಮ್ಮ ಗಂಡುಮಗು ಹೆತ್ತಳು. ಹನ್ನೆರಡು ದಿನಕ್ಕೆ ಗ್ಯಾನಮ್ಮನ ಮೈ ಕಾದ ಹಂಚಾಯಿತು. ಹದಿನಾಲ್ಕನೆಯ ದಿನ ಹಣೆಯ ಮೇಲೆ ಎದ್ದದ್ದನ್ನು ಗದ್ದೆಮ್ಮ ನೋಡಿದಳು. ನೂರು ಮೈಗಳ ಮೇಲೆ ಅದನ್ನು ಕಂಡ ಕಣ್ಣು ಅದು. ಆದರೂ ಬೆವರುಸಾಲೆ ಎಂದಳು, ಇರುವೆ ಕಡಿದದ್ದು ಎಂದಳು. ಅಮರಮ್ಮ ಕೂಸಿಗೆ ಮೊಲೆಯೂಡುತ್ತಿದ್ದವಳು ತಲೆಯೆತ್ತಿ, “ಎವ್ವಾ, ನೀ ಯಾರಿಗೆ ಸುಳ್ಳು ಹೇಳಾಕತ್ತಿ?” ಎಂದಳು. ಸಿಡಿಲು ಹೊಡೆದ ಮರ ನೆಟ್ಟಗೆ ನಿಂತೇ ಇರುತ್ತದಲ್ಲ, ಹಾಗೆ ಗದ್ದೆಮ್ಮ ನಿಂತಿದ್ದಳಂತೆ.

ಮರುದಿನ ಬೆಳಿಗ್ಗೆ ಮಸ್ಕಿಯಿಂದ ಗೌಸ್‌ಸಾಬ್ ಬಂದ; ಗದ್ದೆಮ್ಮನೇ ಕೇರಿಯ ಹುಡುಗನೊಬ್ಬನನ್ನು ಓಡಿಸಿ ಕರೆಸಿದ್ದಳು. ಆತ ಗ್ಯಾನಮ್ಮನ ಹಣೆ, ಅಂಗೈ ನೋಡಿ ಹೊದಿಕೆ ಎಳೆದ. ಆಮೇಲೆ ಹತ್ತು ದಿನದ ಕೂಸಿನ ಕಡೆಗೆ ತಿರುಗಿದ. ಕೂಸನ್ನು ಎತ್ತಿಕೊಟ್ಟ ಅಮರಮ್ಮನ ಮುಂಗೈ ಬೆಳಕಿಗೆ ಬಿತ್ತು. ಗೌಸ್‌ಸಾಬ್ ಆ ಎರಡು ಕಲೆಗಳನ್ನು ದಿಟ್ಟಿಸಿದ.

“ಈ ಹುಡುಗಿಗೆ ಟೀಕಾ ಹಾಕಿದವ್ರು ಯಾರು?”

“ಟೀಕಾ ಎಲ್ಲಿಂದು? ನನ್ನ ಕಲಿ ಅವು” ಎಂದಳು ಗದ್ದೆಮ್ಮ.

“ಅಕ್ಕಾ, ನಾ ಇಪ್ಪತ್ತು ವರ್ಷದಿಂದ ಇವೇ ಕಲಿ ಹಾಕಾಕತ್ತೀನಿ. ಟೀಕಾದ ಗುರ್ತ ನನಗ ತಿಳಿಯಂಗಿಲ್ಲೇನು? ಸಣ್ಣಾಕಿ ಇದ್ದಾಗ ಎಲ್ಲಿದ್ಲು ಈಕಿ?”

ಗುರುಗುಂಟಾ. ಸೋದರತ್ತೆ. ಟೀಕಾದವನು ಬಂದು ಓಣಿಯ ಮಕ್ಕಳನ್ನೆಲ್ಲ ಹಿಡಿಸಿ ಗೀರಿರಬೇಕು. ದೇವಿಗೆ ಹೆದರಿದ ಮುದುಕಿ ಅದನ್ನು ಬಚ್ಚಿಟ್ಟು, ಬಾಯಿಗೆ ಬಂದ ಸುಳ್ಳೊಂದನ್ನು ಹೇಳಿ, ಆ ಸುಳ್ಳಿನೊಂದಿಗೇ ಮಣ್ಣಾಗಿದ್ದಳು. ಮಗಳನ್ನು ಕಾದದ್ದು ತಾಯಿಯ ರಕ್ತವಲ್ಲ, ಯಾರೋ ಹೆಸರಿಲ್ಲದ ನೌಕರ ಗೀರಿದ ಎರಡು ಗೀರು. ಮೊಮ್ಮಗಳ ಮುಂಗೈ ನುಣ್ಣಗಿತ್ತು. ನಾಲ್ಕು ವರ್ಷ ಅದನ್ನು ಮುದ್ದಿಸಿದ್ದ ಗದ್ದೆಮ್ಮ ಅದು ನುಣ್ಣಗಿದೆಯೆಂಬುದನ್ನು ಆವತ್ತು ಕಂಡಳು.

ಕೇರಿಯ ಮಂದಿ ಬಾಗಿಲಲ್ಲಿ ಗುಂಪುಗೂಡಿ, ಮನೆಯಲ್ಲಿ ದೇವಿ ಕೂತಿರುವಾಗ ಕಬ್ಬಿಣ ಮುಟ್ಟಿಸಬೇಡ ಎಂದು ಕೂಗಾಡುತ್ತಿದ್ದರು. ಗದ್ದೆಮ್ಮ ಕೂಸಿನ ತೋಳನ್ನು ತಾನೇ ಹಿಡಿದು ಮುಂದೊಡ್ಡಿದಳು.

“ಬದುಕ್ತಾನೇನ್ರಿ ಸಾಬ್ರ?”

“ತಡಾ ಆಗೈತಿ. ಆದ್ರೂ ಓಟ ಹಚ್ಚೋಣು. ಅಣ್ಣ ಬರೋದ್ರಾಗ ತಮ್ಮ ಮುಟ್ಟಿದ್ರ ಉಳಿತಾನ.”

ತಮ್ಮ ಮೊದಲು ಮುಟ್ಟಿದ. ಕೂಸಿನ ಮುಂಗೈಯಲ್ಲಿ ಒಂದು ಗುಳ್ಳೆ ಎದ್ದು, ಎರಡು ದಿನ ಜ್ವರ ಕಾದು, ಒಣಗಿತು. ಗ್ಯಾನಮ್ಮನಿಗೆ ಸಿಡುಬು ಗಂಟಲಿಗೆ ಇಳಿಯಿತು. ಒಂಬತ್ತನೆಯ ದಿನ ಸಂಜೆ ಹೋದಳು. ಹುಗಿದು ಬಂದ ಗದ್ದೆಮ್ಮ ಗುಡಿಸಲಿನ ಕೌದಿಗಳನ್ನೆಲ್ಲ ಅಂಗಳಕ್ಕೆಳೆದು, ಶೇರವಾನಿಯನ್ನೂ ಮೇಲೆಸೆದು, ಚಿಮಣಿಯ ಎಣ್ಣೆ ಸುರಿದು ಬೆಂಕಿಯಿಟ್ಟಳು. ಅಳಲಿಲ್ಲ.

ಮೂರು ದಿನ ಕಳೆದಿರಲಿಲ್ಲ, ಗೌಡರ ಮನೆಯಿಂದ ಮತ್ತೆ ಕರೆ ಬಂತು. ಈ ಸಲ ಆರು ವರ್ಷದ ಮಗಳು ಕಸ್ತೂರೆಮ್ಮ. ಗದ್ದೆಮ್ಮ ಹೋಗಿ ಹಿತ್ತಲ ಬಾಗಿಲಲ್ಲಿ ನಿಂತಳು, ಒಳಗೆ ಕಾಲಿಡಲಿಲ್ಲ. ಹುಡುಗಿಯ ನರಳಿಕೆ ಹೊರಗೇ ಕೇಳುತ್ತಿತ್ತು.

“ಬಾ ಗದ್ದೆಮ್ಮ, ಅಲ್ಯಾಕ ನಿಂತಿ?” ಎಂದಳು ಶೇಖರಮ್ಮ.

“ಒಂದು ಮಾತು ಕೇಳ್ತೀನ್ರಿ ಅಮ್ಮಾರ. ಮರಿಸ್ವಾಮಿ ಮಲಗಿದ ಕೌದ್ಯಾಗ ಆಕಿ ಕುಂತಿರ್ತಾಳ ಅಂತ ನಿಮಗ ಗೊತ್ತಿತ್ತೇನು?”

ಕೇರಿಯ ಸಾವುಗಳ ಸುದ್ದಿ ಆ ಮನೆಯೊಳಗೆ ಬರುತ್ತಿರಲಿಲ್ಲ; ಶೇಖರಮ್ಮನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಆಕೆ ಕೆಟ್ಟ ಹೆಂಗಸಲ್ಲ. ಹಬ್ಬಕ್ಕೆ ಕೇರಿಗೆ ಹೋಳಿಗೆ ಕಳಿಸುವವಳು. ಮುಚ್ಚುಮರೆಯಿಲ್ಲದೆ ಹೇಳಿದಳು:

“ಗೊತ್ತಿಲ್ಲದ ಏನ? ಅದಕ್ಕ ಅಲ್ಲೇನ ಮನ್ಯಾಗ ಇಟ್ಕೊಳ್ಳಂಗಿಲ್ಲ. ಕೌದಿ ಕೂಡ ಆಕಿನೂ ಹೊರಗ ಹೋಗಬೇಕಂತ ನಮ್ಮತ್ತಿ ಕಾಲದಿಂದನೂ ನಿಮಗ ಕೊಡ್ತೀವಿ. ನಿಮ್ಮ ಮಂದಿಗೆ ಏನೂ ಆಗಂಗಿಲ್ಲಲ್ಲ.”

ಬೈದಿದ್ದರೆ ತಿರುಗಿ ಬೈಯಬಹುದು. ಆ ತಾಯಿ, ಕಸ ಎಲ್ಲಿ ಹಾಕಬೇಕೆಂಬುದನ್ನು ಸೊಸೆಗೆ ಹೇಳಿಕೊಡುವಷ್ಟು ಸಹಜವಾಗಿ ಹೇಳಿದ್ದಳು. ಕೌದಿಯ ಮಡಿಕೆಯೊಳಗೆ ಸಾವಿದೆಯೆಂದು ಗೊತ್ತಿದ್ದೂ ತಲೆಮಾರುಗಳಿಂದ ಅದನ್ನು ಕೂಲಿಯೆಂದು ಕೊಟ್ಟಿದ್ದರು. ಇವರು ಕೂಲಿಯೆಂದು ತಂದಿದ್ದರು. ಹಿಂದೆ ಕೇರಿಯಲ್ಲಿ ಸತ್ತ ಮಕ್ಕಳೆಲ್ಲ ಯಾವ ಕೌದಿಯಲ್ಲಿ ಮಲಗಿದ್ದವೋ ಯಾರು ಕೇಳಬೇಕು! ಗದ್ದೆಮ್ಮ ಅಲ್ಲೇ ಕುಕ್ಕರಿಸಿದಳು.

“ನಮ್ಮ ಕೇರಿ ನಿಮ್ಮ ತಿಪ್ಪಿ ಏನ್ರಿ ಅಮ್ಮಾರ?”

“ಹಂಗ್ಯಾಕಂತಿ? ಹೊಸಾ ಸೀರಿ ಕೊಡ್ತೀನಿ, ಒಳಗ ಬಾ. ಹುಡುಗಿ ಒದ್ದ್ಯಾಡಾಕತ್ತೈತಿ.”

“ನಿಮ್ಮ ಸೀರಿ ನೀವು ಉಟ್ಕೊಳ್ರಿ. ನಾ ಬರ್ತೀನಿ. ಮೊದ್ಲ ಈ ಮನ್ಯಾಗ ಇರೋರೆಲ್ಲ, ಗೌಡ್ರೂ ಕೂಡಿ, ಗೌಸ್‌ಸಾಬಗ ಕೈ ಕೊಡಬೇಕು. ಹುಡುಗಿ ಎದ್ದ ಮ್ಯಾಲ ಕೌದಿ ನಿಮ್ಮ ಅಂಗಳದಾಗ, ನಿಮ್ಮ ಕೈಲೇ ಸುಡಬೇಕು. ನಾ ನಿಂತು ನೋಡ್ತೀನಿ. ಆಗಂಗಿಲ್ಲ ಅಂದ್ರ ನಿಮ್ಮ ಮಾವಗ ಹೇಳ್ರಿ, ಅವ್ರಿಗೂ ಆಕಿ ಬಂದು ಹೋಗ್ಯಾಳ. ಕೀವು ಅವ್ರೇ ಒರಸ್ಲಿ.”

ಅಮರಗುಂಡಪ್ಪನವರು ಪಡಸಾಲೆಯಿಂದ ಗುಡುಗಿದರು: ದೇವಿ ಕೂತ ಹಾಸಿಗೆಗೆ ಬೆಂಕಿಯೇ? ಕೇರಿಯವಳು ನಮಗೆ ಕರಾರು ಹಾಕುವುದೇ? ಗದ್ದೆಮ್ಮ ಏಳಲಿಲ್ಲ. ಒಳಗಿನಿಂದ ಹುಡುಗಿ ನೀರಿಗಾಗಿ ಕೂಗಿತು. ಒಮ್ಮೆ, ಎರಡು ಸಲ. ಗದ್ದೆಮ್ಮನ ಕೈ ತಾನಾಗಿ ನೆಲವೂರಿ ಏಳಲು ಹೋದದ್ದನ್ನು, ಆಕೆ ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡದ್ದನ್ನು ಶೇಖರಮ್ಮ ಕಂಡಳು. ಮೂರನೆಯ ಕೂಗಿಗೆ ಶೇಖರಮ್ಮ ಗಂಡನ ಕಡೆ ತಿರುಗಿಯೂ ನೋಡದೆ ಬಳೆಗಳನ್ನು ಮೇಲಕ್ಕೆ ಸರಿಸಿ, “ಸಾಬನ್ನ ಕರೀರಿ. ಮೊದ್ಲ ನನಗ ಹಾಕ್ಲಿ” ಎಂದಳು.

ಕಸ್ತೂರೆಮ್ಮ ಉಳಿದಳು, ಮೂಗಿನ ಮೇಲೆ ನಾಲ್ಕು ಕಲೆಯೊಂದಿಗೆ. ಶೇಖರಮ್ಮ ಊರ ಕಣ್ಣೆದುರು ಅಂಗಳದಲ್ಲಿ ಕೌದಿ ಸುಟ್ಟಳು. ಅಲ್ಲಿಂದ ಮುಂದೆ ಗದ್ದೆಮ್ಮ ಯಾವ ಮನೆಗೆ ಹೋದರೂ ಅವೇ ಎರಡು ಕರಾರು. ಗೌಸ್‌ಸಾಬನ ಸೈಕಲ್ಲಿನ ಮುಂದೆ ಮುಂದೆ ನಡೆದು, ಕೇರಿಯ ಬಾಗಿಲುಗಳನ್ನು ಕಾಲಿನಿಂದ ಒದ್ದು ತೆಗೆಸಿ, “ತರ್ರಿ ಕೂಸುಗಳ್ನ” ಎಂದು ಅರಚುತ್ತಿದ್ದಳು. ಐವತ್ತಾರರ ಹೊತ್ತಿಗೆ ಬಳಗಾನೂರಿನ ಕೇರಿಯಲ್ಲಿ ಮುಂಗೈ ನುಣ್ಣಗಿರುವ ಮಗುವೇ ಇರಲಿಲ್ಲ. ದೊಡ್ಡ ಮನಸ್ಸು ನಿನ್ನದು, ಗೌಡರ ಕೂಸನ್ನು ಕ್ಷಮಿಸಿ ಉಳಿಸಿದೆ ಎಂದು ಯಾರೋ ಹೊಗಳಿದಾಗ ಪಕ್ಕಕ್ಕೆ ಉಗಿದು, “ಕೂಸೇನು ಮಾಡಿತ್ತು ಕ್ಷಮಿಸಾಕ? ದೊಡ್ಡೋರ್ನ ನಾ ಕ್ಷಮಿಸಿಲ್ಲ” ಎಂದಿದ್ದಳು.

ಇಂಥವರನ್ನು ಕರುಣಾಮಯಿ, ಸಹನೆಯ ಮೂರ್ತಿ ಎಂದು ಹಾಡುವ ಚಟ ನಮ್ಮ ಅಕ್ಷರಸ್ಥರಿಗೆ ಉಂಟು. ಹಾಡಿ ಮುಗಿಸಿದ ಮೇಲೆ ಅವರನ್ನು ಅವರ ಜಾಗದಲ್ಲೇ ಬಿಟ್ಟು ಎದ್ದುಹೋಗಬಹುದು ನೋಡಿ. ಒಮ್ಮೆ ಸಾವನ್ನು ಮೈಮೇಲೆ ಹೊತ್ತು ಉಳಿದವರು, ಉಳಿದ ತಪ್ಪಿಗೇ ಮತ್ತೆ ಮತ್ತೆ ಸಾವಿನ ಕೋಣೆಗೆ ದೂಡಿಸಿಕೊಂಡವರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಿಗೆ ಏನೂ ಆಗುವುದಿಲ್ಲ ಎಂದುಕೊಂಡು ಊರು ನೆಮ್ಮದಿಯಾಗಿ ನಿದ್ದೆಹೋಗುತ್ತದೆ. ಎಷ್ಟೋ ಸಲ ಅವರೂ ಹಾಗೆಯೇ ಅಂದುಕೊಳ್ಳುತ್ತಾರೆ. ಅವರು ಗಟ್ಟಿ ಎಂಬುದು ನಿಜ. ಅವರ ಮಕ್ಕಳು ಮಾತ್ರ ಎಲ್ಲರ ಮಕ್ಕಳಂತೆ ಬರಿಮೈಯಲ್ಲೇ ಹುಟ್ಟುತ್ತಾರೆ.